ಶೆಡ್ಡಕ್ಕ ಕೀಲಿ ಕೊಡಲಿಲ್ಲ

ಅವಳನ್ನು ಟ್ರ್ಯಾಕ್ಟರ್ ಶೆಡ್ಡಿನ ಉಸ್ತುವಾರಿಗೆ ಹಾಕಿದ ದಿನ ಧಣಿ ಹೇಳಿದ್ದು ಇಷ್ಟೇ: "ಸರಿಯಾದ ಗಂಡಸು ಸಿಗೋವರೆಗೆ ನೀನೇ ನೋಡ್ಕೋ." ಆ ಸರಿಯಾದ ಗಂಡಸು ದಾರಿಯಲ್ಲಿ ಎಲ್ಲಿ ಕಳೆದುಹೋದನೋ, ಬರಲೇ ಇಲ್ಲ. ಹಳೆಯ ಮೇಲ್ವಿಚಾರಕ ಬಿಟ್ಟುಹೋದ ಸೀಟಿಯನ್ನು ಅವಳು ಕೆಲವು ದಿನ ಕೊರಳಿಗೆ ಹಾಕಿಕೊಂಡು ನೋಡಿದಳು. ಊದಿದರೆ ನಾಯಿಗಳು ಮಾತ್ರ ಓಡಿ ಬರುತ್ತಿದ್ದವು, ಡ್ರೈವರುಗಳು ಬರುತ್ತಿರಲಿಲ್ಲ. ತೆಗೆದು ಬಿಸಾಕಿದಳು. ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಶೆಡ್ಡಿನಲ್ಲೇ ಇರುತ್ತಿದ್ದಳೆಂದು ಎಲ್ಲರ ಬಾಯಲ್ಲೂ ಶೆಡ್ಡಕ್ಕ ಆದಳು. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಜಮೀನು ದೊಡ್ಡದು. ಮಧ್ಯೆ ಕಾಲುವೆ. ಕಾಲುವೆಯ ಈಚೆಗೆ ಅಂಗೈಯಂತೆ ಸಮವಾದ ಹೊಲ, ಆಚೆಗೆ ಇಳಿಜಾರು. ಆಚೆಯ ಬೆಳೆ ಈಚೆಯ ಕಣಕ್ಕೆ ಬರಬೇಕಾದರೆ ಕಾಲುವೆಯ ಏರಿಯ ಮೇಲಿನ ಮಣ್ಣುದಾರಿಯಲ್ಲೇ ಇಳಿದು, ಸೇತುವೆ ದಾಟಿ ಬರಬೇಕು. ರಸ್ತೆಯ ಪಕ್ಕಕ್ಕೆ ತಗಡಿನ ಶೆಡ್ಡು. ಒಳಗೆ ಡೀಸೆಲ್ಲಿನ ವಾಸನೆ, ನೆಲದ ಮೇಲೆ ಎಣ್ಣೆಯ ಕಪ್ಪು ಕಲೆಗಳು, ಗೋಡೆಗೆ ಒರಗಿಸಿಟ್ಟ ನೇಗಿಲುಗಳು, ಮೂಲೆಯಲ್ಲಿ ಹಳೆಯ ಟೈರುಗಳ ರಾಶಿ, ರಾಶಿಯ ಮೇಲೆ ಸದಾ ಮಲಗಿರುವ ಒಂದು ಬೆಕ್ಕು. ಬಾಗಿಲ ಬಳಿಯ ಹಲಗೆಗೆ ಮೊಳೆ ಹೊಡೆದು ಕೀಲಿಗಳನ್ನು ತೂಗುಹಾಕಿದ್ದರು. ಬೆಳಿಗ್ಗೆ ಡ್ರೈವರುಗಳು ಚಹಾ ಕುಡಿದು ಬಾಯಿ ಒರೆಸಿಕೊಳ್ಳುತ್ತ ಆ ಹಲಗೆಯ ಮುಂದೆ ಬಂದು ನಿಲ್ಲುತ್ತಿದ್ದರು. ಶೆಡ್ಡಕ್ಕನ ದಿನದ ತಲೆನೋವು ಅಲ್ಲಿಂದಲೇ ಶುರು.

ಯಂತ್ರ ಅವಳಿಗೆ ಹೊಸದಲ್ಲ. ಅಪ್ಪ ಪಂಪುಸೆಟ್ಟು ರಿಪೇರಿ ಮಾಡುತ್ತಿದ್ದ. ಉಳಿದ ಹುಡುಗಿಯರು ಗೊಂಬೆ ಆಡುವ ವಯಸ್ಸಿನಲ್ಲಿ ಇವಳು ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸಿ ಆಡುತ್ತಿದ್ದಳು. ಮದುವೆಯಾಗಿ ಬಂದದ್ದು ಇದೇ ಜಮೀನಿನ ಟ್ರ್ಯಾಕ್ಟರ್ ಡ್ರೈವರನ ಮನೆಗೆ. ಗಂಡ ಒಳ್ಳೆಯವನು, ಮಾತು ಕಡಿಮೆ. ವರ್ಷಗಟ್ಟಲೆ ಸ್ಪ್ರಿಂಗಿಲ್ಲದ ಸೀಟಿನ ಮೇಲೆ ಕುಲುಕಿ ಕುಲುಕಿ ಅವನ ಬೆನ್ನು ಒಂದು ದಿನ ಕೈಕೊಟ್ಟಿತು. ಅವನು ಅಂಗಾತ ಮಲಗಿದ್ದಾಗ, ಕೆಲಸ ಹೋದರೆ ಜಮೀನಿನವರು ಕೊಟ್ಟ ಮನೆಯೂ ಹೋಗುತ್ತದೆಂದು ಇವಳು ಸೀರೆಯ ಮೇಲೆ ಅವನ ಅಂಗಿ ತೊಟ್ಟು ಟ್ರ್ಯಾಕ್ಟರ್ ಹತ್ತಿದಳು. ನೋಡಿ ನಕ್ಕವರೇ ಎಲ್ಲ. ಸಂಜೆಯ ಹೊತ್ತಿಗೆ ಉಳುಮೆ ಸಾಲು ನೆಟ್ಟಗೆ ಬಂದಿದ್ದು ಕಂಡು ನಗು ನಿಂತಿತು. ಗಂಡ ಎದ್ದು ಓಡಾಡುವಂತಾದ ಮೇಲೆ ಪಂಪ್‌ಹೌಸಿನ ಕೆಲಸಕ್ಕೆ ಹೋದ, ಇವಳು ಟ್ರ್ಯಾಕ್ಟರ್ ಬಿಡಲಿಲ್ಲ. ಆಮೇಲೆ ಶೆಡ್ಡಿನ ಉಸ್ತುವಾರಿ ಬಂತು.

ಆ ಉಸ್ತುವಾರಿ ತನಗೇ ಸಿಗುತ್ತದೆಂದು ಕಾದು ಕೂತಿದ್ದವರು ಒಬ್ಬರಿದ್ದರು. ಅವಳ ಗಂಡನ ಅಣ್ಣ. ಎಲ್ಲರಿಗಿಂತ ಹಿರಿಯ ಡ್ರೈವರು. ಅವರ ಮನೆ ಇವರ ಮನೆಯ ಪಕ್ಕದಲ್ಲೇ, ನಡುವೆ ಒಂದೇ ಗೋಡೆ. ಮನೆಯಲ್ಲಿ ಅವರು ಭಾವ, ಅವರೆದುರು ಇವಳು ದನಿ ಎತ್ತಿ ಮಾತಾಡಿದವಳಲ್ಲ. ಶೆಡ್ಡಿನ ಬಾಗಿಲು ದಾಟಿದರೆ ಅವಳು ಹೇಳಿದ್ದನ್ನು ಅವರು ಕೇಳಬೇಕು. ಈ ಅದಲು ಬದಲು ಭಾವನಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನ ಹಾಗಿತ್ತು. ನುಂಗಲೂ ಆಗದು, ಉಗುಳಲೂ ಆಗದು.

ಶೆಡ್ಡಿನಲ್ಲಿ ಮೊದಲು ಇದ್ದದ್ದು ಎರಡು ಟ್ರ್ಯಾಕ್ಟರು. ದೊಡ್ಡ ನೀಲಿ ಟ್ರ್ಯಾಕ್ಟರಿಗೆ ಆನೆ ಎಂದು ಹೆಸರು. ಆನೆ ಭಾವನದ್ದು. ಕಾಗದದಲ್ಲಿ ಧಣಿಯದ್ದೇ ಆದರೂ, ಸೀಟಿನ ಮೇಲೆ ಭಾವನ ಹೆಂಡತಿ ಹೊಲಿದುಕೊಟ್ಟ ದಿಂಬು ಇತ್ತು, ಕನ್ನಡಿ ಭಾವನ ಕಣ್ಣಿನ ಎತ್ತರಕ್ಕೇ ಬಾಗಿತ್ತು. ಬೇರೆ ಯಾರಾದರೂ ಅದರ ಮಡ್‌ಗಾರ್ಡಿನ ಮೇಲೆ ಕೈಯಿಟ್ಟರೂ ಭಾವ ಬಂದು ಬಟ್ಟೆಯಿಂದ ಒರೆಸುತ್ತಿದ್ದರು. ಇನ್ನೊಂದು ಹಳೆಯ ಕೆಂಪು ಟ್ರ್ಯಾಕ್ಟರ್. ಚಾಲೂ ಮಾಡಿದಾಗಿನಿಂದ ನಿಲ್ಲಿಸುವವರೆಗೆ ಗೊಣಗುತ್ತಲೇ ಇರುತ್ತಿದ್ದರಿಂದ ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದರು. ಅತ್ತೆಯ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಶೆಡ್ಡಕ್ಕನ ಗಂಡನ ಬೆನ್ನು ಮುರಿದದ್ದು ಇದೇ ಅತ್ತೆ.

ಆ ವರ್ಷ ಮೆಕ್ಕೆಜೋಳದ ಕೊಯ್ಲಿಗೆ ಸ್ವಲ್ಪ ಮೊದಲು ಧಣಿ ಮೂರನೆಯದನ್ನು ತಂದರು. ಗಾಜಿನ ಕ್ಯಾಬಿನ್ನು, ಒಳಗೆ ತಣ್ಣನೆ ಗಾಳಿ, ತೂಗುವ ಸೀಟು, ಹಾಡು ಕೇಳಲು ರೇಡಿಯೋ. ಡ್ರೈವರುಗಳು ಚಪ್ಪಲಿ ಕಳಚಿಟ್ಟು ಹತ್ತಿ ನೋಡಿದರು. ಸಂಜೆಗೆ ತೊಳೆದರು, ಹೊದಿಕೆ ಹೊದಿಸಿದರು, ಹಕ್ಕಿ ಹಿಕ್ಕೆ ಹಾಕಿದರೆ ಕಲ್ಲು ಹಿಡಿದು ಓಡಿಸಿದರು. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಮೇಲೆ ಇನ್ನೇನು ಹೆಸರು? ಅಳಿಯ.

ಅಳಿಯ ಬಂದಿದ್ದೇ ಬಂದಿದ್ದು, ಶೆಡ್ಡಿಗೆ ನಿದ್ದೆ ಇಲ್ಲದಾಯಿತು. ಭಾವನನ್ನು ಬಿಟ್ಟರೆ ಇನ್ನಿಬ್ಬರು ಡ್ರೈವರುಗಳು. ಒಬ್ಬನನ್ನು ಗಾಳಿಪಟ ಎನ್ನುತ್ತಿದ್ದರು. ಹಸಿರು ಕನ್ನಡಕ, ಬಾಚಿದ ಕೂದಲು, ಖಾಲಿ ಟ್ರೇಲರ್ ಕಟ್ಟಿಕೊಂಡು ಅಂಗಡಿ ಸಾಲಿನಲ್ಲಿ ಹಾರಿ ಹೋಗುವುದೆಂದರೆ ಪ್ರಾಣ. ಇನ್ನೊಬ್ಬ ಮೌನಿ. ಅವನು ಮಾತಾಡುವುದು ಕಡಿಮೆ, ಆದರೆ ಬೇಡ ಅಂದರೆ ಬೇಡವೇ.

"ಅಕ್ಕಾ, ಅಳಿಯ ನನಗೆ," ಅಂದ ಗಾಳಿಪಟ, ಮೊದಲ ದಿನವೇ. "ಧೂಳು ಕುಡಿದು ಕುಡಿದು ನನ್ನ ಎದೆ ಹೋಯ್ತು."

"ನಿನ್ನ ಎದೆ ಹೋಗಿದ್ದು ಬೀಡಿಯಿಂದ," ಅಂದಳು ಶೆಡ್ಡಕ್ಕ.

ಭಾವನಿಗೆ ಅಳಿಯ ಬೇಕಿರಲಿಲ್ಲ, ಆನೆಯನ್ನು ಬಿಟ್ಟುಕೊಡುವುದೂ ಆಗದು. ಆದರೆ ಗಾಳಿಪಟನಂಥವನು ಗಾಜಿನೊಳಗೆ ತಣ್ಣಗೆ ಕೂತು ಹೋಗುವಾಗ ತಾವು ಬಿಸಿಲಲ್ಲಿ ಬೇಯುವುದನ್ನು ಸಹಿಸುವುದೂ ಆಗದು. ಮೌನಿಗೆ ಅಳಿಯನೂ ಬೇಡ, ಅತ್ತೆಯಂತೂ ಬೇಡವೇ ಬೇಡ.

ಶೆಡ್ಡಕ್ಕ ಒಂದು ತೀರ್ಮಾನಕ್ಕೆ ಬಂದಳು. ಬೆಳಿಗ್ಗೆ ಮೂವರನ್ನೂ ನಿಲ್ಲಿಸಿಕೊಂಡು ಹೇಳಿದಳು: "ಇವತ್ತಿಂದ ಯಾರ ಗಾಡಿ ಯಾವುದು ಅನ್ನೋದಿಲ್ಲ. ಯಾವ ಕೆಲಸಕ್ಕೆ ಯಾವ ಗಾಡಿ ಅನ್ನೋದಷ್ಟೇ. ಸರದಿ ಮೇಲೆ ಎಲ್ಲರೂ ಎಲ್ಲದನ್ನೂ ಓಡಿಸಬೇಕು. ಅಳಿಯನನ್ನೂ, ಅತ್ತೆಯನ್ನೂ."

"ನನ್ನ ಸೀಟಿನ ಮೇಲೆ ಇನ್ನೊಬ್ಬ ಕೂತರೆ ನಾನು ಮತ್ತೆ ಆ ಗಾಡಿ ಮುಟ್ಟೋದಿಲ್ಲಮ್ಮಾ," ಅಂದರು ಭಾವ.

"ದಿಂಬು ನಿಮ್ಮದು ಭಾವ, ತಗೊಂಡು ಹೋಗಿ. ಸೀಟು ಜಮೀನಿನದು."

ಭಾವನ ಮುಖ ಕೆಂಪಾಯಿತು. ಗಾಳಿಪಟ ಕಿಸಕ್ಕನೆ ನಕ್ಕವನು ತನ್ನ ಕೈಗೆ ಅತ್ತೆಯ ಕೀಲಿ ಬಂದದ್ದು ನೋಡಿ ಬಾಯಿ ಮುಚ್ಚಿದ. ಅದನ್ನು ಬಿಸಿ ಕೆಂಡದ ಹಾಗೆ ವಾಪಸು ಮೊಳೆಗೆ ತೂಗಿದ. "ನಾನು ಅತ್ತೆ ಜೊತೆ ಹೋಗಲ್ಲ. ಮದುವೆಯೇ ಆಗಿಲ್ಲ ನನಗೆ, ಅತ್ತೆ ಯಾಕೆ?" ಶೆಡ್ಡಕ್ಕ ಮೌನಿಯ ಕಡೆ ನೋಡಿದಳು. ಮೌನಿ ತಲೆ ಅಡ್ಡಡ್ಡ ಆಡಿಸಿದ. "ಎಡಕ್ಕೆ ಎಳೆಯುತ್ತೆ," ಅಂದ. ಅಷ್ಟೇ.

"ಎಲ್ಲರಿಗೂ ಒಂದೊಂದು ನೆಪ," ಅಂದಳು ಅವಳು. "ಸರಿ, ಅತ್ತೆ ಜೊತೆ ಬಾಳ್ವೆ ಮಾಡೋದು ಹೆಂಗಸರಿಗೇ ಬಿಟ್ಟಿದ್ದು." ಕೀಲಿ ತೆಗೆದುಕೊಂಡು ತಾನೇ ಹತ್ತಿದಳು. ಹಿಂದೆ ಟ್ರೇಲರ್ ಕಟ್ಟಿಸಿಕೊಂಡು ಇಳಿಜಾರಿನ ಹೊಲಕ್ಕೆ ಹೊರಟಳು. ಶೆಡ್ಡಿನ ಬಾಗಿಲಲ್ಲಿ ಮೂವರೂ ಕೈಕಟ್ಟಿ ನಿಂತು ನೋಡಿದರು. ಅವಳಿಗೆ ಕೇಳುವ ಹಾಗೆಯೇ ಭಾವ ಅಂದರು: "ಮಧ್ಯಾಹ್ನಕ್ಕೆ ಬರ್ತಾಳೆ ಬಿಡು, ಸೊಂಟ ಹಿಡ್ಕೊಂಡು."

ಅವಳು ಬಂದದ್ದು ಮಧ್ಯಾಹ್ನಕ್ಕೂ ಮೊದಲೇ. ಗಾಡಿಯ ಮೇಲಲ್ಲ, ನಡೆದುಕೊಂಡು.

ಆಗಿದ್ದು ಇಷ್ಟು. ಟ್ರ್ಯಾಕ್ಟರಿಗೆ ಬ್ರೇಕು ಎರಡಿರುತ್ತವೆ, ಎಡಚಕ್ರಕ್ಕೆ ಒಂದು, ಬಲಚಕ್ರಕ್ಕೆ ಒಂದು. ಹೊಲದಲ್ಲಿ ತಿರುಗಿಸುವಾಗ ಒಂದನ್ನೇ ತುಳಿದರೆ ನಡೆಯುತ್ತದೆ, ದಾರಿಯಲ್ಲಿ ಎರಡೂ ಒಟ್ಟಿಗೆ ಹಿಡಿಯಲೇಬೇಕು. ತೆನೆ ತುಂಬಿದ ಟ್ರೇಲರ್ ಕಟ್ಟಿಕೊಂಡು ಅವಳು ಏರಿಯ ದಾರಿಯಲ್ಲಿ ಇಳಿಯುತ್ತಿದ್ದಳು. ಎಡಗಡೆಗೆ ಕಾಲುವೆ, ತುಂಬ ನೀರು. ಹಿಂದಿನ ಭಾರ ನೂಕತೊಡಗಿದಾಗ ಬ್ರೇಕು ತುಳಿದಳು. ಎಡಚಕ್ರ ಗಪ್ಪನೆ ನಿಂತಿತು, ಬಲಚಕ್ರ ನಿಲ್ಲಲಿಲ್ಲ. ಅತ್ತೆ ಮೂತಿಯನ್ನು ಕಾಲುವೆಯ ಕಡೆಗೆ ತಿರುಗಿಸಿತು. ಶೆಡ್ಡಕ್ಕ ಬ್ರೇಕು ಬಿಟ್ಟು, ಇಡೀ ಮೈಯ ಭಾರ ಹಾಕಿ ಸ್ಟೇರಿಂಗನ್ನು ಬಲಕ್ಕೆ ಎಳೆದು, ಏರಿಯ ಆಚೆ ಬದಿಯ ಮಣ್ಣಿನ ದಿಬ್ಬಕ್ಕೆ ಗಾಡಿ ಗುದ್ದಿಸಿ ನಿಲ್ಲಿಸಿದಳು. ಟ್ರೇಲರ್ ಅಡ್ಡ ತಿರುಗಿ, ಒಂದಷ್ಟು ತೆನೆ ಸುರಿದು ನೀರಿನಲ್ಲಿ ತೇಲಿಹೋಯಿತು. ಅವಳು ಇಳಿದು, ತೇಲಿಹೋಗುವ ತೆನೆಯನ್ನು ನೋಡುತ್ತ ಹುಲ್ಲಿನ ಮೇಲೆ ಕೂತಳು. ಆಮೇಲೆ ಎದ್ದು ಶೆಡ್ಡಿಗೆ ನಡೆದಳು.

ಮೂವರೂ ಅಲ್ಲೇ ಇದ್ದರು. ಅವಳ ಮುಖ ನೋಡಿ ಗಾಳಿಪಟನ ನಗು ಅರ್ಧಕ್ಕೇ ನಿಂತಿತು. ಅವಳು ಮೌನಿಯ ಮುಂದೆ ಹೋಗಿ ನಿಂತಳು.

"ಎಡಕ್ಕೆ ಎಳೆಯುತ್ತೆ ಅಂದ್ಯಲ್ಲ, ಕಾಲುವೆಗೆ ಎಳೆಯುತ್ತೆ ಅಂತ ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ನಲ್ಲ," ಅಂದ ಮೌನಿ.

ಹೇಳಿದ್ದು ನಿಜ. ನಖರಾ ಎಂದು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಅವಳಿಗೆ ಮೌನಿಯ ಮೇಲೆ ಬಂದ ಸಿಟ್ಟು ಹಾಗೇ ತನ್ನ ಕಡೆಗೆ ತಿರುಗಿತು, ಅಲ್ಲಿಂದ ಧಣಿಯ ಕಡೆಗೆ ಹೋಯಿತು. ಯಾಕೆಂದರೆ ಅತ್ತೆಯ ರಿಪೇರಿಗೆ ಮೆಕ್ಯಾನಿಕ್ ಕರೆಸಿ ಎಂದು ಅವಳು ಎಷ್ಟು ಸಲ ಕೇಳಿದ್ದಳೋ. "ಕೊಯ್ಲು ಮುಗೀಲಿ," ಎಂಬುದೇ ಉತ್ತರ. ಕೊಯ್ಲು ಮುಗಿದರೆ ಬಿತ್ತನೆ, ಬಿತ್ತನೆ ಮುಗಿದರೆ ಮತ್ತೆ ಕೊಯ್ಲು.

ಸಂಜೆಯೊಳಗೆ ಆನೆಯಿಂದ ಎಳೆಸಿ ಅತ್ತೆಯನ್ನು ಶೆಡ್ಡಿಗೆ ತಂದರು. ಶೆಡ್ಡಕ್ಕ ಸ್ಟೇರಿಂಗಿಗೆ ಸರಪಳಿ ಸುತ್ತಿ ಬೀಗ ಹಾಕಿದಳು. ಗಾಡಿಯ ಕೀಲಿಯನ್ನೂ ಬೀಗದ ಕೀಲಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮತ್ತೆ ಮೂವರನ್ನೂ ಕರೆದು ಹೊಸ ಕಾನೂನು ಹೇಳಿದಳು.

"ಇಷ್ಟ ಇಲ್ಲ ಅನ್ನೋದು ಬೇರೆ, ಆಗಲ್ಲ ಅನ್ನೋದು ಬೇರೆ. ಇಷ್ಟ ಇಲ್ಲ ಅಂದ್ರೆ ಬಾಯಿ ಮುಚ್ಕೊಂಡು ಹತ್ತಬೇಕು. ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ನಂಗೆ ತೋರಿಸ್ಬೇಕು. ನಾನು ಹತ್ತಿ ನೋಡ್ತೀನಿ. ನಂಗೂ ಆಗಲ್ಲ ಅನ್ನಿಸಿದ್ರೆ ಆ ಗಾಡಿ ಶೆಡ್ಡು ಬಿಟ್ಟು ಕದಲೋದಿಲ್ಲ. ಯಾರು ಬಂದು ಹೇಳಿದರೂ ಅಷ್ಟೇ."

ಮಾರನೆಯ ದಿನವೇ ಗಾಳಿಪಟ ಪರೀಕ್ಷೆಗೆ ಇಳಿದ. ಆನೆ ತನಗೆ ಆಗಲ್ಲ ಅಂದ. ಶೆಡ್ಡಕ್ಕ ಆನೆಯನ್ನು ಹತ್ತಿ ಹೊಲ ಒಂದು ಸುತ್ತು ಬಂದಳು. ಕ್ಲಚ್ಚು ಸರಿ, ಬ್ರೇಕು ಸರಿ, ಗೇರು ಬೆಣ್ಣೆ. "ಏನಪ್ಪಾ ಇದರಲ್ಲಿ ಆಗದಿರೋದು?" ಗಾಳಿಪಟ ತಲೆ ಕೆರೆದುಕೊಂಡ. "ಅದರ ಸೈಲೆನ್ಸರು ಮುಖದ ಮುಂದೆ ಹೊಗೆ ಬಿಡುತ್ತೆ ಅಕ್ಕ. ಕೂದಲೆಲ್ಲ ಮಸಿ." ಶೆಡ್ಡಕ್ಕ ಇಳಿದು ತಲೆಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಕೊಟ್ಟಳು. "ಇದು ಇಷ್ಟ ಇಲ್ಲದ್ದು. ಹತ್ತು." ಗಾಳಿಪಟ ಹತ್ತಿದ. ಮೌನಿ ಅಳಿಯನನ್ನು ಹತ್ತಿದ. ಒಳಗಿನ ಯಂತ್ರ ಟೀಂ ಟೀಂ ಅನ್ನುತ್ತಲೇ ಇರುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ ಎಂದು ಗೊಣಗಿದರೂ ಓಡಿಸಿದ. ಭಾವನ ಸರದಿ ಬಂದಾಗ ಭಾವ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಮರದ ಕೆಳಗೆ ಕೂತುಬಿಟ್ಟರು. ಆನೆಯನ್ನು ಬೇರೆಯವನು ಓಡಿಸುವುದನ್ನು ಕಣ್ಣಿಂದ ನೋಡಲಾರೆ ಎಂದರು. "ಹಾಗಾದ್ರೆ ಕಣ್ಣು ಮುಚ್ಕೊಂಡು ಕೂತ್ಕೊಳ್ಳಿ ಭಾವ, ಹಾಜರಿ ಹಾಕಲ್ಲ," ಅಂದಳು. ಆ ದಿನ ಮನೆಯ ಗೋಡೆಯ ಆ ಕಡೆಯಿಂದ ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು. ಓರಗಿತ್ತಿ ಅವಳೊಂದಿಗೆ ಮಾತು ಬಿಟ್ಟಳು.

ಗಂಡ ಮಾತ್ರ ಊಟಕ್ಕೆ ಕೂತಾಗ ಅಂದ: "ಅಣ್ಣನ ಹತ್ತಿರ ಸ್ವಲ್ಪ ನಯವಾಗಿ ಇರಬಹುದಿತ್ತು."

"ನಿಮ್ಮ ಬೆನ್ನು ಹೋದಾಗ ಯಾರು ನಯವಾಗಿದ್ರು?"

ಅವನು ಊಟ ಮುಗಿಸಿ ಎದ್ದ. ತಟ್ಟೆಯನ್ನು ತಾನೇ ತೊಳೆದಿಟ್ಟ.

ಹೀಗೆ ಎರಡೇ ಗಾಡಿಯಲ್ಲಿ ಕೊಯ್ಲು ನಡೆಯಿತು. ನಡೆಯಿತು ಅಂದರೆ ತೆವಳಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಗಾಳಿ ದಿಕ್ಕು ಬದಲಿಸಿತು. ಬೆಟ್ಟದ ಹಿಂದಿನಿಂದ ಮೋಡ ಕಪ್ಪಾಗಿ ಎದ್ದು ಬಂತು. ಕೊಯ್ದ ತೆನೆ ಇಳಿಜಾರಿನ ಹೊಲದಲ್ಲಿ ರಾಶಿ ಬಿದ್ದಿತ್ತು. ಧಣಿ ಜೀಪಿನಲ್ಲಿ ಬಂದವರು ಇಳಿಯುವ ಮೊದಲೇ ಕೂಗಿದರು.

"ಮೂರು ಗಾಡಿ ಇಟ್ಕೊಂಡು ಎರಡರಲ್ಲಿ ಆಟ ಆಡ್ತಿದ್ದೀಯಾ? ಕೆಂಪುದನ್ನ ಹೊರಗೆ ತೆಗಿ."

"ಅದಕ್ಕೆ ಬ್ರೇಕ್ ಇಲ್ಲ ಧಣಿ. ಏರಿ ಮೇಲೆ ಇಳಿಯೋಕೆ ಆಗಲ್ಲ."

"ಇಷ್ಟು ವರ್ಷ ಇಳೀತಿರಲಿಲ್ವಾ? ಡ್ರೈವರುಗಳ ನಖರಾಕ್ಕೆ ನೀನೂ ತಾಳ ಹಾಕೋಕೆ ಶುರು ಮಾಡಿದ್ಯಾ? ನಿನ್ನ ಅಲ್ಲಿ ಕೂರಿಸಿರೋದು ಅವರನ್ನ ಹದ್ದುಬಸ್ತಿನಲ್ಲಿ ಇಡೋಕೆ."

"ಅವರ ನಖರಾ ನಾನು ನೋಡ್ಕೋತೀನಿ. ನೋಡ್ಕೊಂಡಿದ್ದೀನಿ ಕೂಡ, ಕೇಳಿ ಬೇಕಾದ್ರೆ. ಇದು ನಖರಾ ಅಲ್ಲ. ನಾನೇ ಹತ್ತಿ ಹೋಗಿ ಕಾಲುವೆಗೆ ಬೀಳೋದು ತಪ್ಪಿ ಬಂದಿದ್ದೀನಿ."

"ಬೀಳಲಿಲ್ವಲ್ಲ?"

ಡ್ರೈವರುಗಳು ಧಣಿಯ ಕಡೆ ತಿರುಗಿದರು. ಬೆಕ್ಕು ಕೂಡ ಟೈರಿನ ಮೇಲೆ ತಲೆ ಎತ್ತಿ ನೋಡಿತು. ಆಮೇಲೆ ಶೆಡ್ಡಕ್ಕ ಹೇಳುತ್ತಿದ್ದಳು, ಆ ಮಾತು ಕೇಳುವವರೆಗೆ ತನಗೆ ಸ್ವಲ್ಪ ಹೆದರಿಕೆಯಿತ್ತು, ಕೇಳಿದ ಮೇಲೆ ಹೋಗಿಬಿಟ್ಟಿತು ಎಂದು.

"ಕೀಲಿ ಕೊಡು," ಧಣಿ ಕೈ ಚಾಚಿದರು.

ಅವಳು ಹಲಗೆಯ ಮೇಲಿನ ಕೀಲಿಗಳನ್ನೆಲ್ಲ ಒಂದೊಂದಾಗಿ ತೆಗೆದು ಆ ಕೈಯಲ್ಲಿಟ್ಟಳು. ಆನೆಯದ್ದು, ಅಳಿಯನದ್ದು, ಡೀಸೆಲ್ ಕೋಣೆಯದ್ದು, ಶೆಡ್ಡಿನದ್ದು. ಸೊಂಟದ ಕೀಲಿ ತೆಗೆಯಲಿಲ್ಲ.

"ಅದು?"

"ಅದು ಕೊಡಲ್ಲ."

"ನನ್ನ ಗಾಡಿ ಕೀಲಿ ನನಗೇ ಕೊಡಲ್ವಾ?"

"ಗಾಡಿ ನಿಮ್ದು ಧಣಿ. ಅದರ ಮೇಲೆ ಕೂರೋ ಜೀವ ನಿಮ್ದಲ್ಲ. ಬ್ರೇಕ್ ಮಾಡಿಸಿ, ಆ ಕ್ಷಣ ಕೊಡ್ತೀನಿ."

"ಹಾಗಾದ್ರೆ ಮನೆಗೆ ಹೋಗು."

"ಹೋಗ್ತೀನಿ."

ಹೊರಟೇಬಿಟ್ಟಳು. ಬೆನ್ನ ಹಿಂದೆ ಧಣಿ ಹೇಳುವುದು ಕೇಳಿಸಿತು: "ನೀನೇ ನೋಡ್ಕೋಪ್ಪಾ ಇನ್ಮೇಲೆ. ಮೊದಲೇ ನಿನಗೇ ಕೊಡಬೇಕಾಗಿತ್ತು." ಯಾರಿಗೆ ಹೇಳಿದ್ದು ಎಂದು ತಿರುಗಿ ನೋಡುವ ಅಗತ್ಯವಿರಲಿಲ್ಲ. ಕೀಲಿಗಳು ಭಾವನ ಅಂಗೈಗೆ ಬೀಳುವ ಸದ್ದನ್ನೂ ಅವಳು ಕೇಳಿದಳು.

ಮನೆಯಲ್ಲಿ ಗಂಡ ಪಂಪ್‌ಹೌಸಿಗೆ ಹೋಗಿದ್ದ. ಹಗಲು ಹೊತ್ತಿನಲ್ಲಿ ಮನೆ ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಕಿಟಕಿಯ ಬಿಸಿಲು ಅಡುಗೆಕಟ್ಟೆಯವರೆಗೆ ಬಂದು, ಮೋಡ ಬಂದಾಗ ಹಿಂದಕ್ಕೆ ಸರಿಯುತ್ತಿತ್ತು. ಈರುಳ್ಳಿ ಹೆಚ್ಚಲು ಕೂತಳು. ಬೇಕಾದದ್ದಕ್ಕಿಂತ ಮೂರು ಪಟ್ಟು ಹೆಚ್ಚಿದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಈರುಳ್ಳಿಯೇ ಕಾರಣ ಎಂದು ಹೇಳಿಕೊಳ್ಳಲು ಅನುಕೂಲವಾಯಿತು. ಕೆಲಸ ಹೋದರೆ ಈ ಗೋಡೆಗಳೂ ಹೋಗುತ್ತವೆ. ಗೊತ್ತಿತ್ತು. ಆದರೂ ಸೊಂಟದ ಕೀಲಿಯನ್ನು ತೆಗೆದು ಎಲ್ಲಿಯೂ ಇಡಲಿಲ್ಲ.

ಇತ್ತ ಶೆಡ್ಡಿನಲ್ಲಿ ನಡೆದದ್ದನ್ನು ಆಮೇಲೆ ಗಾಳಿಪಟ ಕಂಡಕಂಡವರಿಗೆಲ್ಲ ನಟಿಸಿ ತೋರಿಸುತ್ತಿದ್ದ. ಅತ್ತೆಯ ಇನ್ನೊಂದು ಕೀಲಿ ಧಣಿಯ ಮನೆಯಲ್ಲಿತ್ತು, ತರಿಸಿದರು. ಸರಪಳಿಯನ್ನು ಗರಗಸ ಹಾಕಿ ಕೊಯ್ಯಿಸಿದರು. ಹೊಸ ಉಸ್ತುವಾರಿ, ಅಂದರೆ ಭಾವ, ಎದೆ ಉಬ್ಬಿಸಿ ಕೀಲಿಯನ್ನು ಗಾಳಿಪಟನಿಗೆ ಚಾಚಿದರು.

"ಆಗಲ್ಲ," ಅಂದ ಗಾಳಿಪಟ.

ಮೌನಿಗೆ ಚಾಚಿದರು. ಮೌನಿ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. ಅವನ ಬಾಯಿಂದ ಅವತ್ತು ಬಂದಷ್ಟು ಉದ್ದದ ಮಾತು ಯಾವತ್ತೂ ಬಂದಿರಲಿಲ್ಲ. "ಶೆಡ್ಡಕ್ಕ ತಾನು ಕೂತು ನೋಡಿ ಆಗಲ್ಲ ಅಂದ್ಳು. ನೀವು ಕೂತು ನೋಡಿ ಆಗುತ್ತೆ ಅನ್ನಿ, ಆಮೇಲೆ ನಾನು ಹೋಗ್ತೀನಿ."

ಧಣಿ ನೋಡುತ್ತಿದ್ದರು. ಭಾವ ಹಿಂದೆ ಸರಿಯುವ ಹಾಗಿರಲಿಲ್ಲ. ಆನೆಯ ಮೇಲಿನ ದಿಂಬು ತೆಗೆದು ಅತ್ತೆಯ ಮೇಲೆ ಹಾಕಿ ಹತ್ತಿದರು. ಹಟದ ಮನುಷ್ಯ, ಹೊಲದವರೆಗೆ ಖಾಲಿ ಟ್ರೇಲರಿನಲ್ಲಿ ಸಲೀಸಾಗಿಯೇ ಹೋದರು. ತೆನೆ ತುಂಬಿಸಿಕೊಂಡು ಏರಿಯ ತಲೆಯವರೆಗೂ ಬಂದರು. ಇಳಿಜಾರು ಶುರುವಾಗುವ ಕಡೆ ಒಂದು ಸಲ ಬ್ರೇಕು ತುಳಿದು ನೋಡಿದರು. ಅತ್ತೆ ಮೂತಿ ಎಡಕ್ಕೆ ತಿರುಗಿಸಿತು. ಕೆಳಗೆ ನೀರು ಕಂಡಿತು.

ಭಾವ ಗಾಡಿ ನಿಲ್ಲಿಸಿದರು. ಇಳಿದರು. ಚಕ್ರಗಳ ಮುಂದೆ ಕಲ್ಲಿಟ್ಟರು. ದಿಂಬು ಕಂಕುಳಿಗೆ ಸೇರಿಸಿಕೊಂಡು ಏರಿಯ ಉದ್ದಕ್ಕೂ ನಡೆದು ಬಂದರು. ಮೊದಲ ಹನಿಗಳು ಆಗಲೇ ಬೀಳುತ್ತಿದ್ದವು. ಧಣಿ ಜೀಪಿನಿಂದ ತಲೆ ಹೊರಹಾಕಿ ಕೂಗಿದರು: "ಯಾಕೆ ನಿಲ್ಸಿದೆ? ಮಳೆ ಬರ್ತಿದೆ ಕಾಣಲ್ವಾ?"

"ಕೀಲಿ ಅದರಲ್ಲೇ ಬಿಟ್ಟಿದ್ದೀನಿ ಧಣಿ," ಅಂದರು ಭಾವ. "ನೀವೇ ಇಳಿಸ್ಕೊಂಡು ಬನ್ನಿ."

ಧಣಿ ಏರಿಯ ಕಡೆ ನೋಡಿದರು. ಜೀಪಿನಿಂದ ಇಳಿದು ನಾಲ್ಕು ಹೆಜ್ಜೆ ಹೋದರು. ನಿಂತರು. ಮಳೆ ಜೋರಾಯಿತು. ವಾಪಸು ಬಂದು ಜೀಪಿನ ಬಾಗಿಲನ್ನು ಧಡಾರನೆ ಹಾಕಿಕೊಂಡು ಹೊರಟುಹೋದರು.

ಶೆಡ್ಡಕ್ಕನ ಬಾಗಿಲು ತಟ್ಟಿದಾಗ ಭಾವ ತೊಯ್ದು ತೊಪ್ಪೆಯಾಗಿದ್ದರು. ಅವಳು ಒಳಗೆ ಬನ್ನಿ ಅಂದಳು. ಅವರು ಹೊಸ್ತಿಲ ಆಚೆಯೇ ನಿಂತರು. ಕೀಲಿಗೊಂಚಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಇದರ ಭಾರ ನಂಗೆ ಬೇಡಮ್ಮಾ."

"ಧಣಿ ನಿಮಗೆ ಕೊಟ್ಟಿದ್ದು ಭಾವ."

"ಅವರಿಗೂ ಹೇಳಿ ಬಂದಾಯ್ತು." ಅಂಗಿಯ ಅಂಚು ಹಿಂಡಿದರು. "ನೀನು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ, ತಿಳ್ಕೋ. ಆನೆ ವಿಷಯದಲ್ಲಿ ನಿಂದು ಅನ್ಯಾಯವೇ."

"ಅನ್ಯಾಯ ಅನ್ನಿಸಿದ್ರೆ ಶೆಡ್ಡಿಗೆ ಬಂದು ಹೇಳಿ. ಮನೆ ಬಾಗಿಲಲ್ಲಿ ಬೇಡ," ಅಂದಳು ಅವಳು. ಹಾಗೆ ಹೇಳಿ ಒಳಗೆ ಹೋಗಿ ತಲೆ ಒರೆಸಿಕೊಳ್ಳಲು ಟವೆಲ್ಲು ತಂದುಕೊಟ್ಟಳು. ಭಾವ ತಲೆ ಒರೆಸಿಕೊಂಡರು. ಹೆಚ್ಚಿಟ್ಟ ಈರುಳ್ಳಿಯ ರಾಶಿ ನೋಡಿ, "ಏನು, ಊರಿಗೆಲ್ಲ ಊಟ ಹಾಕ್ತೀಯಾ?" ಅಂದರು. ಆ ರಾಶಿಯಲ್ಲಿ ಅರ್ಧ ಓರಗಿತ್ತಿಯ ಅಡುಗೆಮನೆಗೆ ಹೋಯಿತು. ಮಾತು ಮತ್ತೆ ಶುರುವಾದದ್ದು ಹಾಗೆ.

ಮಳೆ ಬೇಗ ಬಿಡಲಿಲ್ಲ. ಅತ್ತೆ ಏರಿಯ ತಲೆಯ ಮೇಲೆ ಟ್ರೇಲರ್ ಸಮೇತ ನೆನೆಯುತ್ತ ನಿಂತಿತ್ತು. ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. ಯಾರದು, ಯಾಕೆ ಹಾಗೆ ನಿಲ್ಲಿಸಿದ್ದಾರೆ ಎಂದು ಕೇಳಿದವರಿಗೆ ಗಾಳಿಪಟ ಪುಕ್ಕಟೆ ವಿವರಣೆ ಕೊಡುತ್ತಿದ್ದ. ಆ ತೆನೆಯೂ ಹೋಯಿತು, ಹೊಲದಲ್ಲಿದ್ದ ರಾಶಿಯ ಒಂದು ಪಾಲೂ ಹೋಯಿತು. ಅದು ಸಣ್ಣ ನಷ್ಟವಲ್ಲ. ಆ ನಷ್ಟ ತನ್ನ ಹಟದಿಂದ ಆಯಿತೇ ಎಂದು ಶೆಡ್ಡಕ್ಕ ತನ್ನನ್ನೇ ಕೇಳಿಕೊಂಡದ್ದುಂಟು. ಪ್ರತಿ ಸಲವೂ ಕಾಲುವೆಯ ನೀರು ಕಣ್ಣ ಮುಂದೆ ಬರುತ್ತಿತ್ತು, ಉತ್ತರವೂ ಬರುತ್ತಿತ್ತು.

ಮಳೆ ನಿಂತ ಬೆಳಿಗ್ಗೆ ಧಣಿಯ ಕಡೆಯಿಂದ ಯಾರೂ ಅವಳನ್ನು ಕರೆಯಲು ಬರಲಿಲ್ಲ. ಅವಳೂ ಕಾಯಲಿಲ್ಲ. ಎಂದಿನ ಹೊತ್ತಿಗೆ ಹೋಗಿ ಶೆಡ್ಡಿನ ಬಾಗಿಲು ತೆಗೆದಳು. ಧಣಿ ಬಂದು ನೋಡಿದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. "ಮೆಕ್ಯಾನಿಕ್‌ಗೆ ಹೇಳಿದ್ದೀನಿ," ಎಂದಷ್ಟೇ ಹೇಳಿದರು, ಬೆಕ್ಕಿಗೆ ಹೇಳುವವರ ಹಾಗೆ. ಮೆಕ್ಯಾನಿಕ್ ಬಂದು ಬಲಚಕ್ರ ಬಿಚ್ಚಿದಾಗ ಒಳಗೆಲ್ಲ ಎಣ್ಣೆ ಸೋರಿ ಬ್ರೇಕಿನ ಪಟ್ಟಿ ಕೊಚ್ಚೆಯಾಗಿತ್ತು. "ಇದನ್ನ ಓಡಿಸ್ತಿದ್ರಾ?" ಎಂದು ಅವನು ಕೇಳಿದ. ಬ್ರೇಕಿನ ಜೊತೆಗೇ ಸ್ಪ್ರಿಂಗಿನ ಸೀಟೂ ಹಾಕಿಸಬೇಕೆಂದು ಶೆಡ್ಡಕ್ಕ ಪಟ್ಟು ಹಿಡಿದಳು. ಅದಕ್ಕೂ ಧಣಿ ಮೂಗು ಮುರಿದರು, ಅವಳು ಜಗ್ಗಲಿಲ್ಲ. ಸೀಟು ಬಂತು. ಆ ಸಂಜೆ ಅವಳ ಗಂಡ ಪಂಪ್‌ಹೌಸಿನಿಂದ ಬಂದು, ಯಾರೂ ಇಲ್ಲದಾಗ ಅದರ ಮೇಲೆ ಒಂದು ಸಲ ಕೂತು, ಮೇಲೆ ಕೆಳಗೆ ಕುಲುಕಿ ನೋಡಿ, ಇಳಿದು ಹೋದ.

ಧಣಿ ಅವಳನ್ನು ಕ್ಷಮಿಸಿದರೆಂದು ಹೇಳಲಾಗದು. ನೆಂಟರು ಬಂದಾಗ ಶೆಡ್ಡಿನ ಕಡೆ ಕೈ ತೋರಿಸಿ, "ಇಲ್ಲಿ ನನ್ನ ಮಾತು ನಡೆಯಲ್ಲ," ಎಂದು ತಮಾಷೆಯಂತೆ ಹೇಳುತ್ತಿದ್ದರು. ತಮಾಷೆ ಅಲ್ಲವೆಂದು ಅವಳಿಗೆ ಗೊತ್ತಿತ್ತು. ನಡೆಯದಿದ್ದರೆ ಒಳ್ಳೆಯದೇ ಎಂದು ಅವಳೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಳು.

ಸರದಿಯ ಕಾನೂನು ಮುಂದುವರಿಯಿತು. ಭಾವ ಪ್ರತಿ ಸಲವೂ ಗೊಣಗಿದರು, ಪ್ರತಿ ಸಲವೂ ಹತ್ತಿದರು. ಗಾಳಿಪಟನಿಗೆ ಮಾತ್ರ ಅಳಿಯನ ಚಿಂತೆ ಬಿಡಲಿಲ್ಲ. ರಸ್ತೆಯ ಆ ಕಡೆಯ ಜಮೀನಿನವರು ದಿನವೂ ಗಾಜಿನ ಕ್ಯಾಬಿನ್ನೇ ಕೊಡುತ್ತೇವೆಂದು ಅವನನ್ನು ಕರೆದರು.

"ಹೋಗ್ಲಾ ಅಕ್ಕ?" ಎಂದು ಬಂದು ಕೇಳಿದ, ಬೇಡ ಎನ್ನುತ್ತಾಳೆಂದು ಕಾಯುತ್ತ.

"ಹೋಗು. ಹತ್ತೋ ಮೊದಲು ಬ್ರೇಕ್ ತುಳಿದು ನೋಡು."

ಅವನು ಹೋದ. ಕೆಲಸ ಬಲ್ಲವನು, ಅವನಿಲ್ಲದೆ ಶೆಡ್ಡು ಕೆಲವು ದಿನ ಬಿಕೋ ಎಂದಿತು. ಆ ಜಾಗಕ್ಕೆ ಶೆಡ್ಡಕ್ಕ ಹಾಲಿನ ವ್ಯಾನು ಓಡಿಸುತ್ತಿದ್ದ ಒಬ್ಬ ಹೆಂಗಸನ್ನು ಕರೆತಂದಳು. ಗಟ್ಟಿ ತೋಳು, ಗಟ್ಟಿ ದನಿ. ಧಣಿ ಹುಬ್ಬು ಗಂಟಿಕ್ಕಿದರು.

"ಇನ್ನೊಬ್ಬಳಾ? ಗಂಡಸರು ಯಾರೂ ಸಿಗಲಿಲ್ವಾ?"

"ನಿಮಗೆ ಬೇಕಾಗಿರೋದು ಉಳುಮೆಯಾ, ಮೀಸೆಯಾ ಧಣಿ?"

ಮೌನಿ ಕೆಮ್ಮಿದ. ಭಾವ ಬೇರೆ ಕಡೆ ತಿರುಗಿ ಆನೆಯ ಮಡ್‌ಗಾರ್ಡು ಒರೆಸತೊಡಗಿದರು, ಅವರ ಹೆಗಲು ಮಾತ್ರ ನಗುವಿನಿಂದ ಅಲುಗುತ್ತಿತ್ತು. ಧಣಿ ಹೋದರು.

ಹಾಲಿನ ವ್ಯಾನಿನವಳು ಶೆಡ್ಡಿನೊಳಗೆ ನಿಧಾನವಾಗಿ ಒಂದು ಸುತ್ತು ಬಂದಳು. ಆನೆಯನ್ನು ನೋಡಿದಳು, ಅತ್ತೆಯ ಹೊಸ ಸೀಟನ್ನು ಒತ್ತಿ ನೋಡಿದಳು, ಅಳಿಯನ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು ಜಡೆ ಸರಿಮಾಡಿಕೊಂಡಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ನೋಡಿ ಅಕ್ಕ, ಮೊದಲೇ ಹೇಳಿಬಿಡ್ತೀನಿ. ಆ ನೀಲಿದು ನಂಗೆ ಬೇಡ. ಕೆಂಪುದಂತೂ ಬೇಡವೇ ಬೇಡ. ನಾನು ಓಡಿಸಿದ್ರೆ ಈ ಗಾಜಿಂದೇ."

ಶೆಡ್ಡಕ್ಕ ನಗು ತಡೆದುಕೊಳ್ಳಲಾರದೆ ಟೈರಿನ ರಾಶಿಯ ಮೇಲೆ ಕೂತಳು. ಬೆಕ್ಕು ಹಾರಿ ಓಡಿತು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ಮೌನಿಯೂ ಭಾವನೂ ಅದೇ ಮೊದಲು ನೋಡಿದ್ದು. ನಕ್ಕು ಮುಗಿಸಿ ಕಣ್ಣು ಒರೆಸಿಕೊಂಡು ಎದ್ದಳು, ಅತ್ತೆಯ ಕೀಲಿ ತೆಗೆದು ಹೊಸಬಳ ಕೈಯಲ್ಲಿಟ್ಟಳು.

"ಹತ್ತಮ್ಮಾ," ಅಂದಳು. "ಒಂದು ಸುತ್ತು ಹೊಡ್ಕೊಂಡು ಬಾ. ಬಂದ್ಮೇಲೆ ಹೇಳು, ಇಷ್ಟ ಇಲ್ವಾ, ಆಗಲ್ವಾ ಅಂತ."